ಅರಬ್ಬಿ ಸಮುದ್ರದ ಚಂಡಮಾರುತ: ಹವ್ಯಾಸಿ ವೀಕ್ಷಕರು ಜಾಡು ಹಿಡಿಯುವ ಬಗೆ

ಲಕ್ಷದ್ವೀಪದ ಬಳಿ ವಾಯುಭಾರ ಕುಸಿತ ಉಂಟಾಗಿದೆ ಎಂಬ ಒಂದು ಸಾಲಿನ ಸುದ್ದಿ ಮೇ ತಿಂಗಳ ಮಧ್ಯದಲ್ಲೋ, ದೀಪಾವಳಿಯ ಆಸುಪಾಸಿನಲ್ಲೋ ಪ್ರಕಟವಾಗುವುದು ಈಗ ಅಪರೂಪವೇನಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರಿಗೆ ಅದು ಮೋಡ ಕವಿದ ಎರಡು ದಿನಗಳ ಸೂಚನೆ. ಮಂಗಳೂರಿನ ದಕ್ಕೆಯಲ್ಲಿ ಅದೇ ಸಾಲು ಬೇರೆ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ವಾರದ ಹಿಂದೆ ಆಳಸಮುದ್ರಕ್ಕೆ ತೆರಳಿದ ಬೋಟುಗಳು ಈಗ ಎಲ್ಲಿವೆ? ಅವುಗಳಿಗೆ ಸುದ್ದಿ ಮುಟ್ಟಿದೆಯೇ? ಮರಳಿ ಬರಲು ಸಮಯವಿದೆಯೇ?

ಹವಾಮಾನ ಇಲಾಖೆಯ ಪ್ರಕಟಣೆ ಮತ್ತು ದಕ್ಕೆಯ ಈ ಆತಂಕದ ನಡುವೆ ಇನ್ನೊಂದು ವರ್ಗವಿದೆ. ಮನೆಯಂಗಳದಲ್ಲಿ ಮಳೆಮಾಪಕ, ಗೋಡೆಯ ಮೇಲೆ ವಾಯುಭಾರಮಾಪಕ, ಮೇಜಿನ ಮೇಲೆ ಗಣಕಯಂತ್ರ ಇರಿಸಿಕೊಂಡು ಸಮುದ್ರದಲ್ಲಿ ರೂಪುಗೊಳ್ಳುತ್ತಿರುವ ಸುಳಿಯನ್ನು ಗಂಟೆಗಂಟೆಗೂ ಹಿಂಬಾಲಿಸುವ ಹವ್ಯಾಸಿಗಳ ವರ್ಗವದು. ವೇತನವಿಲ್ಲದ, ಅಧಿಕಾರವಿಲ್ಲದ ಈ ಕೆಲಸದಿಂದ ಯಾರಿಗೆ ಪ್ರಯೋಜನ, ಅದರ ಸಾಧನಗಳೇನು, ಮಿತಿಗಳೇನು ಎಂಬುದನ್ನು ಮಂಗಳೂರಿನ ಕದ್ರಿಯನ್ನು ನೆಲೆಯಾಗಿರಿಸಿಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಕದ್ರಿ ಗುಡ್ಡ ಮತ್ತು ಎದುರಿನ ಕಡಲು

ಮಂಗಳೂರು ನಗರದ ಎತ್ತರದ ತಾಣಗಳಲ್ಲಿ ಕದ್ರಿ ಗುಡ್ಡವೂ ಒಂದು. ಮಂಜುನಾಥ ದೇವಸ್ಥಾನ, ಉದ್ಯಾನವನ ಹಾಗೂ ಸರ್ಕ್ಯೂಟ್ ಹೌಸ್‌ಗಳಿಂದ ಹೆಸರಾದ ಈ ಭಾಗದಲ್ಲೇ 1976ರಲ್ಲಿ ಆರಂಭಗೊಂಡ ಮಂಗಳೂರು ಆಕಾಶವಾಣಿ ನಿಲಯವೂ ಇದೆ. ಗುಡ್ಡದ ಪಶ್ಚಿಮ ಅಂಚಿನಲ್ಲಿ ನಿಂತರೆ ಊರಿನ ತೆಂಗು, ಹೆಂಚುಗಳಾಚೆ ಅರಬ್ಬಿ ಸಮುದ್ರ ಕಾಣುತ್ತದೆ. ಕಡಲಿನ ಕಡೆಗೆ ತೆರೆದುಕೊಂಡ ಇಂಥ ಎತ್ತರದ ಜಾಗ ಆಕಾಶ ನೋಡುವವರಿಗೆ ಅನುಕೂಲಕರ.

ಇಲ್ಲಿಂದ ನೈಋತ್ಯಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿ ಲಕ್ಷದ್ವೀಪ ಸಮೂಹದ ಅಮಿನಿ ದ್ವೀಪವಿದೆ. ಅಮಿನಿದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳ ನಂಟು ಆ ಬಳಿಕವೂ ಕಡಿದುಹೋಗಲಿಲ್ಲ. ಅರಬ್ಬಿ ಸಮುದ್ರದ ಹಲವು ಚಂಡಮಾರುತಗಳು ಮೊದಲು ಕಣ್ಣು ಬಿಡುವುದು ಇದೇ ಲಕ್ಷದ್ವೀಪ ಮತ್ತು ಆಗ್ನೇಯ ಅರಬ್ಬಿ ಸಮುದ್ರದ ಪ್ರದೇಶದಲ್ಲಿ.

ಸುಮಾರು 320 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಗೆ ಚಂಡಮಾರುತ ನೇರವಾಗಿ ಬಂದು ಅಪ್ಪಳಿಸಿದ ನಿದರ್ಶನಗಳು ವಿರಳ. ಹೆಚ್ಚಿನವು ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ ಗುಜರಾತ್ ಕಡೆಗೋ, ವಾಯವ್ಯಕ್ಕೆ ತಿರುಗಿ ಒಮಾನ್, ಯೆಮನ್ ಕಡೆಗೋ ಹೋಗುತ್ತವೆ. ಈ ಕಾರಣದಿಂದಲೇ ನಮಗೇನೂ ಆಗದು ಎಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ನೂರಾರು ಕಿಲೋಮೀಟರ್ ದೂರದಲ್ಲಿ ಹಾದುಹೋಗುವ ಚಂಡಮಾರುತವೂ ಅಲೆ, ಗಾಳಿ, ಮಳೆಗಳನ್ನು ತೀರಕ್ಕೆ ಕಳುಹಿಸಬಲ್ಲದು. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತ ಇದಕ್ಕೆ ಸಾಕ್ಷಿ.

ಹವ್ಯಾಸಿಗಳ ಪರಂಪರೆ

ಸೈಕ್ಲೋನ್ ಎಂಬ ಪದವನ್ನು ಜಗತ್ತಿಗೆ ನೀಡಿದ ಹೆನ್ರಿ ಪಿಡಿಂಗ್ಟನ್ ವೃತ್ತಿಯಿಂದ ಹವಾಮಾನ ತಜ್ಞನಾಗಿರಲಿಲ್ಲ. ವ್ಯಾಪಾರಿ ಹಡಗಿನ ಕಪ್ತಾನನಾಗಿದ್ದು ಕೋಲ್ಕತ್ತದಲ್ಲಿ ನೆಲೆಸಿದ ಆತ, ಬಿರುಗಾಳಿಗೆ ಸಿಲುಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸಿ, ಯಾವ ಗಂಟೆಯಲ್ಲಿ ಎಲ್ಲಿ ಯಾವ ದಿಕ್ಕಿನ ಗಾಳಿ ಬೀಸಿತೆಂದು ನಕ್ಷೆಯ ಮೇಲೆ ಗುರುತಿಸುತ್ತಿದ್ದ. ಹಾವಿನ ಸುರುಳಿಯಂತೆ ತಿರುಗುವ ಗಾಳಿಗೆ ಗ್ರೀಕ್ ಮೂಲದ ಆ ಹೆಸರನ್ನು ಬಳಸಿದ ಅವನ ಪುಸ್ತಕ 1848ರಲ್ಲಿ ಹೊರಬಂತು. ಅದಕ್ಕೆ ಹಿಂದಿನ ವರ್ಷ, 1847ರ ಏಪ್ರಿಲ್‌ನಲ್ಲಿ, ಲಕ್ಷದ್ವೀಪದ ಕಲ್ಪೇನಿ ಮತ್ತು ಆಂಡ್ರೋತ್ ದ್ವೀಪಗಳನ್ನು ಭೀಕರ ಚಂಡಮಾರುತ ಧ್ವಂಸಗೊಳಿಸಿತ್ತು. ಕಲ್ಪೇನಿಯ ಪೂರ್ವ ದಂಡೆಯ ಹವಳದ ಕಲ್ಲುರಾಶಿಗಳು ಆ ಬಿರುಗಾಳಿಯ ಗುರುತೆಂದೇ ಹೇಳಲಾಗುತ್ತದೆ.

ಬಂಗಾಳದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಬ್ರಿಟಿಷ್ ಸರಕಾರ ಯೋಚಿಸಿದಾಗ, ಅಲ್ಲಿಗೆ ಚಂಡಮಾರುತದ ಅಲೆ ನುಗ್ಗುವ ಅಪಾಯವಿದೆಯೆಂದು ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್‌ಗೆ ಪತ್ರ ಬರೆದ. ಸಲಹೆಗೆ ಬೆಲೆ ಸಿಗಲಿಲ್ಲ. ಕ್ಯಾನಿಂಗ್ ಹೆಸರಿನ ಆ ಬಂದರು 1867ರ ಚಂಡಮಾರುತದಲ್ಲಿ ಹಾಳಾಯಿತು. ಪತ್ರದ ಹಿಂದೆ ಹಲವು ವರ್ಷಗಳ ಹಡಗು ದಾಖಲೆಗಳಿದ್ದವು ಎಂಬುದು ಗಮನಾರ್ಹ. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ಆ ಬಳಿಕ, 1875ರಲ್ಲಿ.

ಬ್ರಿಟನ್ನಿನಲ್ಲಿ ಜಾರ್ಜ್ ಸೈಮನ್ಸ್ 1860ರಲ್ಲಿ ಆರಂಭಿಸಿದ ಮಳೆ ದಾಖಲೆಯ ಜಾಲ ಸ್ವಯಂಸೇವಕರನ್ನೇ ನೆಚ್ಚಿಕೊಂಡಿತ್ತು. ಅಮೆರಿಕದ ಕೊಲರಾಡೊದಲ್ಲಿ 1997ರ ಜುಲೈನಲ್ಲಿ ಫೋರ್ಟ್ ಕಾಲಿನ್ಸ್ ನಗರ ನೆರೆಗೆ ತುತ್ತಾದಾಗ, ಒಂದೇ ಊರಿನ ಒಂದು ಭಾಗದಲ್ಲಿ ಸುರಿದ ಮಳೆಗೂ ಇನ್ನೊಂದು ಭಾಗದ ಮಳೆಗೂ ಅಗಾಧ ಅಂತರವಿತ್ತು. ಇದರ ಫಲವಾಗಿ ಮರುವರ್ಷ ನಾಗರಿಕರ ಮಳೆ ಮಾಪನ ಜಾಲವೊಂದು ಅಲ್ಲಿ ಹುಟ್ಟಿಕೊಂಡಿತು.

ನಮ್ಮ ಜಿಲ್ಲೆಯಲ್ಲಿ ಈ ಪರಂಪರೆ ತೋಟಗಳಲ್ಲಿ ಬೆಳೆದಿದೆ. ಸುಳ್ಯ, ಪುತ್ತೂರು ಕಡೆಯ ಕೆಲವು ಅಡಿಕೆ ಕೃಷಿಕರ ಬಳಿ ನಾಲ್ಕು ದಶಕಗಳಿಗೂ ಮಿಕ್ಕಿದ ದೈನಂದಿನ ಮಳೆಯ ಲೆಕ್ಕವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡುವುದೇ, ಅಂಗಳದಲ್ಲಿ ಹರವಿದ ಅಡಿಕೆಯನ್ನು ಒಳಗೆ ಎಳೆಯಬೇಕೇ ಎಂಬ ನಿರ್ಧಾರಗಳು ಹಣಕ್ಕೆ ಸಂಬಂಧಿಸಿದವು. ಹೀಗಾಗಿ ಆಕಾಶ ನೋಡುವುದು ಇಲ್ಲಿ ಬರೀ ಕಾಲಹರಣವಾಗಿ ಉಳಿದಿಲ್ಲ.

ಪದಗಳ ನಿಖರತೆ

ಕನ್ನಡ ಪತ್ರಿಕೆಗಳಲ್ಲಿ ವಾಯುಭಾರ ಕುಸಿತ ಎಂಬ ಪದವನ್ನು ಹಲವು ಹಂತಗಳಿಗೆ ಒಂದೇ ರೀತಿ ಬಳಸುವುದುಂಟು. ಹವಾಮಾನ ಇಲಾಖೆಗೆ ಮಾತ್ರ ಪ್ರತಿ ಹಂತಕ್ಕೂ ಗಾಳಿಯ ನಿರ್ದಿಷ್ಟ ವೇಗವಿದೆ. ಮೂರು ನಿಮಿಷಗಳ ಸರಾಸರಿ ವೇಗವನ್ನು ಆಧರಿಸಿದ ಆ ವರ್ಗೀಕರಣ ಹೀಗಿದೆ:

ಕಡಿಮೆ ಒತ್ತಡ ಪ್ರದೇಶ: ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ
ವಾಯುಭಾರ ಕುಸಿತ: 31ರಿಂದ 49 ಕಿ.ಮೀ.
ತೀವ್ರ ವಾಯುಭಾರ ಕುಸಿತ: 50ರಿಂದ 61 ಕಿ.ಮೀ.
ಚಂಡಮಾರುತ: 62ರಿಂದ 88 ಕಿ.ಮೀ.
ತೀವ್ರ ಚಂಡಮಾರುತ: 89ರಿಂದ 117 ಕಿ.ಮೀ.
ಅತಿ ತೀವ್ರ ಚಂಡಮಾರುತ: 118ರಿಂದ 166 ಕಿ.ಮೀ.
ಅತ್ಯಂತ ತೀವ್ರ ಚಂಡಮಾರುತ: 167ರಿಂದ 221 ಕಿ.ಮೀ.
ಸೂಪರ್ ಸೈಕ್ಲೋನ್: 222 ಕಿ.ಮೀ. ಮತ್ತು ಅದಕ್ಕೂ ಹೆಚ್ಚು

ಗಾಳಿಯ ವೇಗ 62 ಕಿ.ಮೀ. ತಲುಪಿದ ಮೇಲಷ್ಟೇ ಬಿರುಗಾಳಿಗೆ ಹೆಸರಿಡಲಾಗುತ್ತದೆ. ಉತ್ತರ ಹಿಂದೂ ಮಹಾಸಾಗರದಲ್ಲಿ ಈ ಪದ್ಧತಿ 2004ರಲ್ಲಿ ಆರಂಭವಾಯಿತು. 13 ದೇಶಗಳು ಸೂಚಿಸಿದ 169 ಹೆಸರುಗಳ ಹೊಸ ಪಟ್ಟಿ 2020ರಲ್ಲಿ ಪ್ರಕಟವಾಯಿತು. ಪಟ್ಟಿ ಎಲ್ಲರಿಗೂ ಲಭ್ಯವಿರುವುದರಿಂದ, ಇನ್ನೂ ಹುಟ್ಟದ ಚಂಡಮಾರುತದ ಹೆಸರು ನಾಲ್ಕು ದಿನ ಮೊದಲೇ ಊರೆಲ್ಲ ಓಡಾಡುವುದುಂಟು. ಅನುಭವಿ ಹವ್ಯಾಸಿಗಳು ಈ ಆತುರದಿಂದ ದೂರವಿರುತ್ತಾರೆ.

ಹೆಸರು ಬರುವವರೆಗೆ ಅಪಾಯವಿಲ್ಲ ಎಂದು ತಿಳಿಯುವುದೂ ತಪ್ಪು. ಗಂಟೆಗೆ 45 ಕಿ.ಮೀ. ಮೀರಿದ ಗಾಳಿಯ ಸಂಭವವಿದ್ದರೆ ಮೀನುಗಾರರಿಗೆ ಎಚ್ಚರಿಕೆ ನೀಡುವುದು ಇಲಾಖೆಯ ಕ್ರಮ. ಅಂದರೆ ವಾಯುಭಾರ ಕುಸಿತದ ಹಂತದಲ್ಲೇ ಕಡಲು ದೋಣಿಗಳಿಗೆ ಅಪಾಯಕಾರಿಯಾಗಿರುತ್ತದೆ.

ಮೊದಲ ಸುಳಿವು

ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಮೈ ಉಷ್ಣತೆ ಸಾಮಾನ್ಯವಾಗಿ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರಬೇಕು. ಕೆಳಸ್ತರದ ಗಾಳಿಗೂ ಮೇಲ್ಸ್ತರದ ಗಾಳಿಗೂ ವೇಗ, ದಿಕ್ಕುಗಳಲ್ಲಿ ಹೆಚ್ಚಿನ ವ್ಯತ್ಯಾಸ ಇರಬಾರದು. ಮುಂಗಾರಿನ ತಿಂಗಳುಗಳಲ್ಲಿ ಈ ವ್ಯತ್ಯಾಸ ತೀವ್ರವಾಗಿರುವುದರಿಂದ ಸುಳಿಗಳು ತಲೆಯೆತ್ತುವುದು ಕಡಿಮೆ. ಮುಂಗಾರಿಗೆ ಮುಂಚಿನ ಏಪ್ರಿಲ್‌ನಿಂದ ಜೂನ್ ಮತ್ತು ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಗಳಲ್ಲಿ ಹವ್ಯಾಸಿಗಳು ಹೆಚ್ಚು ಜಾಗರೂಕರಾಗಿರುತ್ತಾರೆ.

ಮೊದಲು ನೋಡುವುದು ಉಪಗ್ರಹ ಚಿತ್ರಗಳನ್ನು. ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿಯಲ್ಲಿ ಹಾರಿಸಲಾದ ಇನ್ಸಾಟ್-3ಡಿಎಸ್ ಉಪಗ್ರಹಗಳ ಚಿತ್ರಗಳನ್ನು ಇಲಾಖೆ ಸಾರ್ವಜನಿಕವಾಗಿ ಒದಗಿಸುತ್ತದೆ. ಇನ್‌ಫ್ರಾರೆಡ್ ಚಿತ್ರದಲ್ಲಿ ಎತ್ತರದ, ತಣ್ಣನೆಯ ಮೋಡಗಳು ಬೆಳ್ಳಗೆ ಹೊಳೆಯುತ್ತವೆ. ಒಂದು ರಾತ್ರಿ ಕಾಣಿಸಿ ಬೆಳಗ್ಗೆ ಕರಗುವ ಮೋಡದ ರಾಶಿಗೆ ಹೆಚ್ಚಿನ ಮಹತ್ವವಿಲ್ಲ. ಅದೇ ಜಾಗದಲ್ಲಿ ಎರಡು-ಮೂರು ದಿನ ಉಳಿದು, ಬಾಗಿದ ಪಟ್ಟಿಗಳಾಗಿ ಒಂದು ಕೇಂದ್ರವನ್ನು ಸುತ್ತತೊಡಗಿದರೆ ಅದು ಗಮನಿಸಬೇಕಾದ ಬೆಳವಣಿಗೆ. ಮೋಡದ ಆಕಾರ ನೋಡಿ ಗಾಳಿಯ ವೇಗ ಅಂದಾಜಿಸುವ ವಿಧಾನವನ್ನು ಅಮೆರಿಕದ ವರ್ನನ್ ಡ್ವೋರಾಕ್ 1970ರ ದಶಕದಲ್ಲಿ ರೂಪಿಸಿದರು. ವಿಮಾನ ಕಳುಹಿಸಿ ಅಳೆಯುವ ವ್ಯವಸ್ಥೆ ಇಲ್ಲದ ಕಡೆಗಳಲ್ಲಿ ತಜ್ಞರು ಇಂದಿಗೂ ಮುಖ್ಯವಾಗಿ ಅದನ್ನೇ ಅವಲಂಬಿಸಿದ್ದಾರೆ.

ಮನೆಯ ತಾರಸಿಯಲ್ಲಿ ಆ್ಯಂಟೆನಾ ನೆಟ್ಟು ಉಪಗ್ರಹದಿಂದ ನೇರವಾಗಿ ಚಿತ್ರ ಪಡೆಯುವ ಹವ್ಯಾಸವೂ ಇದೆ. ಇದಕ್ಕೆ ನೆರವಾಗುತ್ತಿದ್ದ ಅಮೆರಿಕದ ನೋವಾ-15, 18 ಮತ್ತು 19 ಉಪಗ್ರಹಗಳ ಸೇವೆ 2025ರಲ್ಲಿ ಕೊನೆಗೊಂಡಿತು. ರಷ್ಯಾದ ಮೀಟಿಯರ್ ಸರಣಿಯ ಉಪಗ್ರಹಗಳತ್ತ ಹವ್ಯಾಸಿಗಳು ಹೊರಳಿದ್ದಾರೆ.

ಎರಡನೆಯದು ಗಣಕ ಮಾದರಿಗಳು. ಅಮೆರಿಕದ ಮತ್ತು ಐರೋಪ್ಯ ಕೇಂದ್ರದ ಮಾದರಿಗಳು ಹತ್ತು ದಿನಗಳ ಮುಂದಿನ ಚಿತ್ರಣವನ್ನು ನೀಡುತ್ತವೆ. ಹೊಸಬರು ಎಡವುವುದು ಇಲ್ಲೇ. ಹತ್ತನೇ ದಿನದ ಬಣ್ಣಬಣ್ಣದ ಸುಳಿಯನ್ನು ನೋಡಿ ಮಂಗಳೂರಿಗೆ ಚಂಡಮಾರುತ ಬಂದೇಬಿಟ್ಟಿತೆಂದು ಸಾರುವುದು ಸುಲಭ. ಮರುದಿನ ಅದೇ ಮಾದರಿ ಸುಳಿಯನ್ನು ಒಮಾನ್ ಕಡೆಗೆ ಕಳುಹಿಸಿರುತ್ತದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಹುಟ್ಟಿದಾಗ ಮಾದರಿಗಳ ನಡುವೆ ಆರಂಭದಲ್ಲಿ ಭಾರಿ ಭಿನ್ನತೆಯಿತ್ತು. ಅಂತಿಮವಾಗಿ ಅದು ಜೂನ್ 15ರಂದು ಗುಜರಾತಿನ ಜಖಾವು ಬಳಿ ದಡ ಸೇರಿತು. ಆ ವರ್ಷ ಮುಂಗಾರು ಕೇರಳ ತಲುಪಿದ್ದು ವಾಡಿಕೆಯ ಜೂನ್ 1ರ ಬದಲು ಜೂನ್ 8ಕ್ಕೆ.

ನಿಂತ ಜಾಗದ ಅಳತೆ

ಉಪಗ್ರಹ ಮತ್ತು ಮಾದರಿಗಳು ಎಲ್ಲರಿಗೂ ಒಂದೇ. ಹವ್ಯಾಸಿಯೊಬ್ಬ ತನ್ನದಾಗಿ ಸೇರಿಸಬಹುದಾದದ್ದು ತಾನಿರುವ ಜಾಗದ ಅಳತೆ ಮಾತ್ರ. ಪಣಂಬೂರು ಮತ್ತು ಬಜ್ಪೆಯಲ್ಲಿ ಇಲಾಖೆಯ ವೀಕ್ಷಣಾಲಯಗಳಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯಾದ್ಯಂತ 6,500ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಆದರೂ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಮಂಗಳೂರಿನಲ್ಲಿ ಕದ್ರಿಯ ಮಳೆಗೂ ಪಣಂಬೂರಿನ ಮಳೆಗೂ ಒಂದೇ ದಿನ ಸಾಕಷ್ಟು ಅಂತರವಿರಬಹುದು.

ವಾಯುಭಾರ: ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ ತಾನಾಗಿಯೇ ಏರಿಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಗರಿಷ್ಠ, ಮುಂಜಾನೆ ಮತ್ತು ಸಂಜೆ 4ರ ಸುಮಾರಿಗೆ ಕನಿಷ್ಠ. ಆದ್ದರಿಂದ ಬೆಳಗ್ಗೆ 10ರ ಅಂಕಿಯನ್ನು ಸಂಜೆ 4ರ ಅಂಕಿಯೊಡನೆ ಹೋಲಿಸಿ ಗಾಬರಿಯಾಗಬಾರದು. ಇಂದಿನ ಬೆಳಗ್ಗೆ 10ರ ಅಂಕಿಯನ್ನು ನಿನ್ನೆಯ ಅದೇ ಹೊತ್ತಿನ ಅಂಕಿಯೊಡನೆ ಹೋಲಿಸಬೇಕು. 24 ಗಂಟೆಗಳಲ್ಲಿ 3ರಿಂದ 4 ಹೆಕ್ಟಾಪಾಸ್ಕಲ್ ಇಳಿದಿದ್ದರೆ ಅದು ಗಮನಾರ್ಹ. ಸುಮಾರು 8ರಿಂದ 9 ಮೀಟರ್ ಮೇಲೇರಿದಂತೆ ವಾಯುಭಾರ 1 ಹೆಕ್ಟಾಪಾಸ್ಕಲ್ ತಗ್ಗುವುದರಿಂದ, ಕದ್ರಿ ಗುಡ್ಡದ ಅಂಕಿಯನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸದೆ ದಕ್ಕೆಯ ಅಂಕಿಯ ಪಕ್ಕ ಇಡುವಂತಿಲ್ಲ.

ಗಾಳಿಯ ದಿಕ್ಕು: ಗಾಳಿಗೆ ಬೆನ್ನು ಮಾಡಿ ನಿಂತರೆ ಉತ್ತರ ಗೋಳಾರ್ಧದಲ್ಲಿ ಕಡಿಮೆ ಒತ್ತಡದ ಕೇಂದ್ರ ಎಡಗಡೆಗಿರುತ್ತದೆ. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಪ್ರತಿಪಾದಿಸಿದ ನಿಯಮವಿದು. ಮೇ ತಿಂಗಳಿನಲ್ಲಿ ಮಂಗಳೂರಿಗೆ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬೀಸುವುದು ವಾಡಿಕೆ. ಲಕ್ಷದ್ವೀಪದ ಬಳಿ ಸುಳಿ ಬಲಗೊಂಡರೆ ಈ ಕ್ರಮ ಕೆಟ್ಟು ಆಗ್ನೇಯದ ಗಾಳಿ ಬೀಸತೊಡಗುತ್ತದೆ. ಸುಳಿ ಉತ್ತರಕ್ಕೆ ಸರಿದು ಮಂಗಳೂರಿನ ನೇರ ಪಶ್ಚಿಮಕ್ಕೆ ಬಂದಾಗ ಗಾಳಿ ದಕ್ಷಿಣದಿಂದ, ಇನ್ನೂ ಮುಂದೆ ಹೋದಾಗ ನೈಋತ್ಯದಿಂದ ಬೀಸುತ್ತದೆ. ಆಗ್ನೇಯ, ದಕ್ಷಿಣ, ನೈಋತ್ಯ ಎಂಬ ಈ ಅನುಕ್ರಮ ಕಂಡರೆ ಚಂಡಮಾರುತ ಸಮುದ್ರದಲ್ಲೇ ಉತ್ತರಾಭಿಮುಖವಾಗಿ ದಾಟಿಹೋಗುತ್ತಿದೆ ಎಂದು ಅರ್ಥೈಸಬಹುದು. ತೆಂಗಿನ ಗರಿಗಳು ಯಾವ ಕಡೆ ಬಾಗಿವೆ ಎಂದು ನೋಡಿದರೂ ದಿಕ್ಕು ತಿಳಿಯುತ್ತದೆ. ಬೋಫರ್ಟ್ ಮಾಪನದಲ್ಲಿ ಮರದ ರೆಂಬೆಗಳು ಮುರಿದು, ಎದುರುಗಾಳಿಗೆ ನಡೆಯುವುದು ಕಷ್ಟವಾಗುವ ಎಂಟನೇ ಹಂತ ಆರಂಭವಾಗುವುದು ಸರಿಯಾಗಿ 62 ಕಿ.ಮೀ.ಗೆ. ಚಂಡಮಾರುತದ ಹೊಸ್ತಿಲೂ ಅದೇ.

ಮೋಡ ಮತ್ತು ಅಲೆ: ಹಿಂಜಿದ ಹತ್ತಿಯಂತಹ ಎತ್ತರದ ಸಿರಸ್ ಮೋಡಗಳು ಒಂದು ಬಿಂದುವಿನಿಂದ ಹರಡಿಕೊಂಡಂತೆ ಕಂಡರೆ ಆ ದಿಕ್ಕಿನಲ್ಲಿ ಸುಳಿಯಿರುವ ಸಂಭವವಿದೆ. ಕ್ಯೂಬಾದ ಹವಾನಾದಲ್ಲಿ ಪಾದ್ರಿ ಬೆನಿಟೊ ವಿನ್ಯೆಸ್ 1870ರ ದಶಕದಲ್ಲಿ ಇಂಥ ಮೋಡಗಳನ್ನು ಓದಿಯೇ ಮುನ್ಸೂಚನೆ ನೀಡುತ್ತಿದ್ದರು. ಗಾಳಿಯಿಲ್ಲದ ದಿನವೂ ನಿಧಾನಗತಿಯ ಭಾರಿ ಅಲೆಗಳು ತೀರಕ್ಕೆ ಬಂದು ಬಡಿಯುತ್ತಿದ್ದರೆ ಅವು ಬಹುದೂರದ ಬಿರುಗಾಳಿ ಕಳುಹಿಸಿದ ಅಲೆಗಳು. ಅವು ಹಲವು ಬಾರಿ ಚಂಡಮಾರುತಕ್ಕಿಂತ ವೇಗವಾಗಿ ಚಲಿಸಿ ಮೊದಲೇ ದಡ ಮುಟ್ಟುತ್ತವೆ.

ಮಳೆ: ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ಹವ್ಯಾಸಿಗಳೂ ಅದೇ ಸಮಯ ಪಾಲಿಸಿದರೆ ಮಾತ್ರ ಅಂಕಿ ಹೋಲಿಕೆಗೆ ಬರುತ್ತದೆ. ಮಾಪಕವನ್ನು ಮರ, ಗೋಡೆಗಳಿಂದ ಕನಿಷ್ಠ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ ಇಡಬೇಕು. 64.5 ಮಿ.ಮೀ. ಮೀರಿದರೆ ಭಾರಿ, 115.6 ಮೀರಿದರೆ ಅತಿ ಭಾರಿ, 204.5 ಮೀರಿದರೆ ಅತ್ಯಂತ ಭಾರಿ ಮಳೆ.

ತೌಕ್ತೆ: ಐದು ದಿನಗಳ ಪಾಠ

2021ರ ಮೇ 13ರಂದು ಆಗ್ನೇಯ ಅರಬ್ಬಿ ಸಮುದ್ರ ಮತ್ತು ಲಕ್ಷದ್ವೀಪ ಪ್ರದೇಶದಲ್ಲಿ ಕಡಿಮೆ ಒತ್ತಡ ಉಂಟಾಯಿತು. ಮೇ 14ರಂದು ಅದು ವಾಯುಭಾರ ಕುಸಿತವಾಗಿ, ಅದೇ ದಿನ ತೀವ್ರ ವಾಯುಭಾರ ಕುಸಿತವಾಗಿ ಬಲಗೊಂಡಿತು. 15ರ ಹೊತ್ತಿಗೆ ಮ್ಯಾನ್ಮಾರ್ ಸೂಚಿಸಿದ್ದ ತೌಕ್ತೆ ಎಂಬ ಹೆಸರು ಪಡೆದಿತ್ತು. ಮಂಗಳೂರಿನಿಂದ ಪಶ್ಚಿಮಕ್ಕೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರದಲ್ಲಿ ಉತ್ತರಕ್ಕೆ ಸಾಗಿ, 17ರಂದು ಅತ್ಯಂತ ತೀವ್ರ ಚಂಡಮಾರುತವಾಗಿ ಆ ರಾತ್ರಿ ಗುಜರಾತಿನ ಊನಾ ಸಮೀಪ ಅಪ್ಪಳಿಸಿತು. ಕಡಿಮೆ ಒತ್ತಡದಿಂದ ಅಂತಿಮ ಹೊಡೆತದವರೆಗೆ ಐದೇ ದಿನ.

ಕೇಂದ್ರ ಅಷ್ಟು ದೂರವಿದ್ದರೂ ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ ಒಂದೇ ದಿನ 385 ಮಿ.ಮೀ. ಮಳೆ ದಾಖಲಾಯಿತು. ಉಳ್ಳಾಲ, ಸೋಮೇಶ್ವರದಲ್ಲಿ ಅಲೆಗಳು ಮನೆ, ರಸ್ತೆಗಳಿಗೆ ನುಗ್ಗಿದವು. ಅಲಯನ್ಸ್ ಎಂಬ ಟಗ್ ಮಗುಚಿ ಸಾವುನೋವು ಸಂಭವಿಸಿತು. ಮೂಲ್ಕಿ ಬಳಿಯ ಬಂಡೆಗಳ ನಡುವೆ ಸಿಲುಕಿದ್ದ ಕೋರಮಂಡಲ್ ಸಪೋರ್ಟರ್-9 ನೌಕೆಯ 9 ಮಂದಿಯನ್ನು ಮೇ 17ರಂದು ನೌಕಾಪಡೆ ಹಾಗೂ ಕರಾವಳಿ ಕಾವಲು ಪಡೆ ರಕ್ಷಿಸಿದವು. ಮುನ್ಸೂಚನೆ ಮೊದಲೇ ಪ್ರಕಟವಾಗಿತ್ತು ಎಂಬುದು ಇಲ್ಲಿ ಮುಖ್ಯ. ಸಮುದ್ರದಲ್ಲೇ ಹಾದುಹೋಗುವ ಚಂಡಮಾರುತದಿಂದಲೂ ತೀರದಲ್ಲಿ ಪ್ರಾಣಹಾನಿ ಆಗಬಹುದೆಂಬುದನ್ನು ಈ ಪ್ರಕರಣ ಮನದಟ್ಟು ಮಾಡಿತು.

ತೌಕ್ತೆ ಒಂಟಿ ಘಟನೆಯಲ್ಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಆಗಿ ಬೆಳೆಯಿತು. 2007ರ ಗೋನು ನಂತರ ಅರಬ್ಬಿ ಸಮುದ್ರದಲ್ಲಿ ಅಂಥದ್ದು ಅದೇ ಮೊದಲು. ಕ್ಯಾರ್ ಅಡಗುವ ಮುನ್ನವೇ ಮಹಾ ಎಂಬ ಇನ್ನೊಂದು ಹುಟ್ಟಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆ.

ಓಖಿ ತೋರಿಸಿದ ಕಂದಕ

ಚಂಡಮಾರುತದ ಮುನ್ಸೂಚನೆ ನಾಲ್ಕು ಹಂತಗಳಲ್ಲಿ ಬರುತ್ತದೆ. ತೀರಕ್ಕೆ ಪ್ರತಿಕೂಲ ಹವೆ ಆರಂಭವಾಗುವ 72 ಗಂಟೆ ಮೊದಲು ಆಡಳಿತಕ್ಕೆ ಪೂರ್ವಸೂಚನೆ, 48 ಗಂಟೆ ಮೊದಲು ಜಾಗೃತಿ, 24 ಗಂಟೆ ಮೊದಲು ಎಚ್ಚರಿಕೆ, ದಡ ಸೇರುವ 12 ಗಂಟೆ ಮೊದಲು ಒಳನಾಡಿನ ಮುನ್ನೋಟ. ನಿಧಾನವಾಗಿ ಬೆಳೆಯುವ ಚಂಡಮಾರುತಕ್ಕೆ ಈ ವೇಳಾಪಟ್ಟಿ ಹೊಂದುತ್ತದೆ.

2017ರ ಓಖಿ ಹಾಗಿರಲಿಲ್ಲ. ನವೆಂಬರ್ 29ರಂದು ಶ್ರೀಲಂಕಾ ಬಳಿ ವಾಯುಭಾರ ಕುಸಿತವಾಗಿದ್ದ ಸುಳಿ, ಮರುದಿನವೇ ಕನ್ಯಾಕುಮಾರಿಯ ಸಮೀಪ ಚಂಡಮಾರುತವಾಯಿತು. ಕೇರಳ, ತಮಿಳುನಾಡುಗಳ ಬೋಟುಗಳು ಅಷ್ಟರಲ್ಲಾಗಲೇ ಕಡಲಿನಲ್ಲಿದ್ದವು. ನೂರಾರು ಮೀನುಗಾರರು ಮೃತಪಟ್ಟರು ಅಥವಾ ಕಾಣೆಯಾದರು. ದಡದಲ್ಲಿ ಪ್ರಕಟವಾದ ಎಚ್ಚರಿಕೆ ಬೋಟಿಗೆ ಮುಟ್ಟುವ ದಾರಿ ಇರಲಿಲ್ಲ. ಮೊಬೈಲ್ ಸಂಕೇತ ತೀರದಿಂದ ಕೆಲವೇ ಕಿಲೋಮೀಟರ್ ದಾಟುತ್ತಲೇ ಸಿಗದಾಗುತ್ತದೆ. ಎಫ್.ಎಂ. ಪ್ರಸಾರಕ್ಕೂ ದೂರದ ಮಿತಿಯಿದೆ.

ಈ ಕಂದಕ ಮುಚ್ಚಲು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್, 2019ರ ಅಕ್ಟೋಬರ್‌ನಲ್ಲಿ ಜೆಮಿನಿ ಎಂಬ ಸಾಧನ ಬಿಡುಗಡೆಗೊಳಿಸಿತು. ಗಗನ್ ಉಪಗ್ರಹ ವ್ಯವಸ್ಥೆಯ ಮೂಲಕ ಬಂದ ಎಚ್ಚರಿಕೆಯನ್ನು ಅದು ಬ್ಲೂಟೂತ್ ಮುಖಾಂತರ ಮೀನುಗಾರನ ಮೊಬೈಲಿಗೆ ತಲುಪಿಸುತ್ತದೆ. ಆದರೆ ಅದು ಒಮ್ಮುಖ ಸಂಪರ್ಕ. ಬೋಟಿನಿಂದ ಉತ್ತರ ಬರುವುದಿಲ್ಲ. 2024ರಲ್ಲಿ ಇಸ್ರೊ ಬಳಕೆಗೆ ತಂದ ಎರಡನೇ ತಲೆಮಾರಿನ ಅಪಾಯಸೂಚಕ ಯಂತ್ರದಲ್ಲಿ ಎರಡೂ ಕಡೆಯ ಸಂದೇಶಕ್ಕೆ ಅವಕಾಶ ಕಲ್ಪಿಸಲಾಗಿದೆ.

ಹವ್ಯಾಸಿ ಬಾನುಲಿ ಕೇಂದ್ರ ನಡೆಸುವ ಹ್ಯಾಮ್‌ಗಳೂ ಇಲ್ಲಿ ಸ್ಮರಣೀಯರು. 1999ರ ಒಡಿಶಾ ಸೂಪರ್ ಸೈಕ್ಲೋನ್ ದೂರವಾಣಿ ಸಂಪರ್ಕವನ್ನೇ ಕಡಿದುಹಾಕಿದಾಗ ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಅವರು ನೆರವಾದರು.

ಮಿತಿ ಮತ್ತು ಹೊಣೆ

2015ರ ಚೆನ್ನೈ ನೆರೆಯ ಸಂದರ್ಭದಲ್ಲಿ ತಮಿಳುನಾಡಿನ ಪ್ರದೀಪ್ ಜಾನ್ ಅವರ ಸರಳ ವಿವರಣೆಗಳನ್ನು ಸಹಸ್ರಾರು ಮಂದಿ ಅನುಸರಿಸಿದರು. ಜನರ ಭಾಷೆಯಲ್ಲಿ, ಜನರ ಬಡಾವಣೆಯ ಹೆಸರು ಹೇಳಿ ವಿವರಿಸುವವರಿಗೆ ಎಷ್ಟು ಬೇಡಿಕೆಯಿದೆ ಎಂಬುದಕ್ಕೆ ಇದು ನಿದರ್ಶನ. ಜನರ ನಂಬಿಕೆ ಗಳಿಸಿದವರ ಹೊಣೆಯೂ ದೊಡ್ಡದು. ಹವ್ಯಾಸಿಯ ಮಾತು ನಂಬಿ ಒಂದು ಬೋಟು ದಡದಲ್ಲೇ ಉಳಿದರೆ ಡೀಸೆಲ್, ಮಂಜುಗಡ್ಡೆ, ಕೂಲಿ ಎಲ್ಲವೂ ನಷ್ಟ. ಎರಡು ಬಾರಿ ಹೀಗಾದರೆ ಮೂರನೇ ಬಾರಿಯ ನಿಜವಾದ ಎಚ್ಚರಿಕೆಗೆ ಯಾರೂ ಕಿವಿಗೊಡರು.

ವಿಪತ್ತಿನ ಕುರಿತು ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ನೀಡುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ವಿಧಿಯನ್ವಯ ಒಂದು ವರ್ಷದವರೆಗಿನ ಸೆರೆವಾಸ ಅಥವಾ ದಂಡಕ್ಕೆ ಗುರಿಯಾಗಬಹುದಾದ ಅಪರಾಧ. ಅಧಿಕೃತ ಚಂಡಮಾರುತ ಎಚ್ಚರಿಕೆ ನೀಡುವ ಅಧಿಕಾರ ಹವಾಮಾನ ಇಲಾಖೆಯದ್ದು. ಅನುಭವಿ ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ಕ್ರಮಗಳನ್ನು ಹೀಗೆ ಪಟ್ಟಿ ಮಾಡಬಹುದು:

ತಾನು ಅಳೆದದ್ದು, ಇಲಾಖೆ ಹೇಳಿದ್ದು, ಮಾದರಿ ಸೂಚಿಸಿದ್ದು ಇವುಗಳನ್ನು ಬೆರೆಸದೆ ಬೇರೆಬೇರೆಯಾಗಿ ಬರೆಯುವುದು.
ಪ್ರತಿ ಚಿತ್ರ, ಅಂಕಿಯ ಜತೆ ದಿನಾಂಕ ಮತ್ತು ಗಂಟೆ ನಮೂದಿಸುವುದು. ಹಳೆಯ ಚಿತ್ರಗಳು ಮರಳಿ ಹರಿದಾಡುವುದು ಇದರಿಂದ ತಪ್ಪುತ್ತದೆ.
ಐದು ದಿನಗಳಾಚೆಯ ಪಥವನ್ನು ಊರಿನ ಹೆಸರು ಹೇಳಿ ಸಾರದಿರುವುದು.
ತಪ್ಪಿದ ಅಂದಾಜನ್ನು ಅಳಿಸದೆ ದಾಖಲೆಯಲ್ಲಿ ಉಳಿಸುವುದು.
ಇಲಾಖೆಯ ಎಚ್ಚರಿಕೆ ಬಂದ ಕೂಡಲೇ ಸ್ವಂತ ಅಭಿಪ್ರಾಯ ಬದಿಗಿಟ್ಟು ಅದನ್ನೇ ಸರಳ ಕನ್ನಡ, ತುಳು, ಬ್ಯಾರಿ, ಕೊಂಕಣಿಗಳಲ್ಲಿ ನೆರೆಹೊರೆಗೆ ಮುಟ್ಟಿಸುವುದು.

ಇವುಗಳಲ್ಲಿ ಕೊನೆಯದೇ ಹೆಚ್ಚು ಮಹತ್ವದ್ದು. ಮುನ್ಸೂಚನೆಯ ನಿಖರತೆ ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಸುಧಾರಿಸಿದೆ. ಇಲಾಖೆಗಿಂತ ಒಂದು ಗಂಟೆ ಮೊದಲು ಚಂಡಮಾರುತ ಘೋಷಿಸುವುದರಿಂದ ಮೀನುಗಾರನಿಗೆ ವಿಶೇಷ ಲಾಭವಿಲ್ಲ. ನಾಳೆ ಕಡಲಿಗಿಳಿಯಲು ಮಂಜುಗಡ್ಡೆ ತುಂಬಿಸುತ್ತಿರುವ ಬೋಟಿನವರಿಗೆ ಇಂದು ಸಂಜೆಯ ಪ್ರಕಟಣೆಯನ್ನು ಅರ್ಥವಾಗುವಂತೆ ತಿಳಿಸಿದರೆ ಲಾಭವಿದೆ.

ಆಸಕ್ತ ಓದುಗರು ಸಾಮಾನ್ಯ ಮಳೆಮಾಪಕ ಮತ್ತು ಒಂದು ನೋಟುಪುಸ್ತಕದಿಂದಲೇ ಆರಂಭಿಸಬಹುದು. ಬೆಳಗ್ಗೆ 8.30ಕ್ಕೆ ಮಳೆ, 10 ಗಂಟೆಗೆ ವಾಯುಭಾರ, ಮಧ್ಯಾಹ್ನ ಗಾಳಿಯ ದಿಕ್ಕು. ಮಳೆಯಿಲ್ಲದ ದಿನವೂ ಸೊನ್ನೆ ಬರೆಯಬೇಕು. ಒಂದು ಮಳೆಗಾಲ, ಒಂದು ಹಿಂಗಾರು ಕಳೆಯುವಷ್ಟರಲ್ಲಿ ತಮ್ಮ ಊರಿನ ಸಾಮಾನ್ಯ ದಿನ ಹೇಗಿರುತ್ತದೆಂಬ ಅರಿವು ಮೂಡುತ್ತದೆ. ಮುಂದಿನ ಮೇ ತಿಂಗಳಲ್ಲಿ ಕಡಲ ಗಾಳಿ ನಿಂತು ಆಗ್ನೇಯದ ಗಾಳಿ ಬೀಸತೊಡಗಿದಾಗ, ಅದು ಅಸಾಮಾನ್ಯವೆಂದು ಗುರುತಿಸಲು ಆ ಪುಸ್ತಕವೇ ಆಧಾರವಾಗುತ್ತದೆ.